ಹೊಸ ಲಾರಿಗೆ ಹಳೇ ಬ್ಲಾಕ್: ಕೈ ಹಾಕುವ ಮುಂಚೆ ಒಂದು ಮಾತು

ಮಗಾ, ನಿನ್ನ ಟಾಟಾ 407ರ ಎಂಜಿನ್ ಬಿಚ್ಚಿ ಗ್ಯಾರೇಜಿನ ನೆಲದ ಮೇಲೆ ಹರಡಿದ್ದಾರೆ ಅಂತ ಕೇಳಿದೆ. ಗುಂಡ್ಲುಪೇಟೆಯಿಂದ ತರಕಾರಿ ತುಂಬಿಕೊಂಡು ಬರುವಾಗ ನೀರು ಸೋರಿ, ಹೀಟ್ ಏರಿ, ಗಾಡಿ ನಿಂತಿದೆ. ಬಿಚ್ಚಿ ನೋಡಿದರೆ ಬ್ಲಾಕ್ ಬಿರುಕು ಬಿಟ್ಟಿದೆ ಅಂದಿದ್ದಾರೆ. ಗುಜರಿಯಲ್ಲಿ ಹಳೇ 407ರ ಬ್ಲಾಕ್ ಒಂದಿದೆ, ಕಡಿಮೆಗೆ ಸಿಗುತ್ತದೆ, ಕೂರಿಸಿಬಿಡೋಣ ಅಂತ ಯಾರೋ ನಿನ್ನ ಕಿವಿಗೆ ಹಾಕಿದ್ದಾರೆ. ನಿನಗೂ ಆತುರ. ಕಂತು ಕಟ್ಟಬೇಕು, ಕಬ್ಬಿನ ಕಟಾವು ಶುರುವಾಗುತ್ತದೆ, ಅಳಗಂಚಿ ಸಕ್ಕರೆ ಕಾರ್ಖಾನೆ ಕಡೆಗೆ ಓಡಾಟ ಇರುತ್ತದೆ, ಸುತ್ತೂರು ಜಾತ್ರೆಯ ಬಾಡಿಗೆಯೂ ಬರುತ್ತದೆ. ಗಾಡಿ ನಿಂತರೆ ಮನೆಯೇ ನಿಂತ ಹಾಗೆ ಅನ್ನಿಸುವುದು ಸಹಜ. ಅದಕ್ಕೇ ದುಡ್ಡು ಕೊಡುವ ಮುಂಚೆ ನನ್ನ ಮಾತು ಒಂದಿಷ್ಟು ಕೇಳಿಸಿಕೋ.

ಹಳೇ ಬ್ಲಾಕ್ ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಎಷ್ಟೋ ಗಾಡಿಗಳು ಹಳೇ ಬ್ಲಾಕಿನ ಮೇಲೆ ವರ್ಷಗಟ್ಟಲೆ ದುಡಿದಿವೆ. ಆದರೆ ಹೊಸ ಗಾಡಿಗೆ ಹಳೇ ಬ್ಲಾಕ್ ಬರಬೇಕಾದರೆ ಅದು ಮೂರು ಕಡೆ ಸರಿಯಾಗಿ ಕೂರಬೇಕು: ಕಬ್ಬಿಣಕ್ಕೆ ಕೂರಬೇಕು, ಕಂಪ್ಯೂಟರಿಗೆ ಕೂರಬೇಕು, ಕಾಗದಕ್ಕೆ ಕೂರಬೇಕು. ಮೂರರಲ್ಲಿ ಒಂದು ತಪ್ಪಿದರೂ ಆ ಬ್ಲಾಕ್ ನಿನಗೆ ಬೇಡ, ಪುಕ್ಕಟೆ ಕೊಟ್ಟರೂ ಬೇಡ. ನಾನು ಹೇಳಬೇಕಾದದ್ದು ಇಷ್ಟೇ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಎಂಜಿನ್ ಬದಲಾಯಿಸುವುದು ನಮ್ಮ ಕಡೆ ಹೊಸದೇನಲ್ಲ. ಫಾರ್ಗೋ, ಡಾಡ್ಜ್ ಲಾರಿಗಳು ಪೆಟ್ರೋಲಿನಲ್ಲಿ ಓಡುತ್ತಿದ್ದ ಕಾಲದಲ್ಲಿ ಆ ಎಂಜಿನ್ ಇಳಿಸಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಮದರಾಸಿನ ಸಿಂಪ್ಸನ್ ಕಂಪನಿಯೇ ಪರ್ಕಿನ್ಸ್ ತಯಾರಿಸುತ್ತಿದ್ದುದರಿಂದ ಬಿಡಿಭಾಗಕ್ಕೆ ತೊಂದರೆ ಇರಲಿಲ್ಲ. ಆಮೇಲೆ ಪೆಟ್ರೋಲ್ ಜೀಪಿಗೆ ಮೆಟಡೋರ್ ಎಂಜಿನ್ ಹಾಕಿಸುವ ಕಾಲ ಬಂತು. ಬಜಾಜ್ ಟೆಂಪೋದವರ ಮೆಟಡೋರಿನಲ್ಲಿದ್ದದ್ದು ಮರ್ಸಿಡಿಸ್ ವಿನ್ಯಾಸದ ಓಎಂ 616 ಡೀಸೆಲ್ ಎಂಜಿನ್. ಅದನ್ನು ಜೀಪಿಗೂ ಹಾಕಿದರು, ಅಂಬಾಸಿಡರ್ ಕಾರಿಗೂ ಹಾಕಿದರು. ಮೌಂಟಿಂಗ್ ವೆಲ್ಡ್ ಮಾಡಿ, ಗೇರ್‌ಬಾಕ್ಸಿಗೆ ಅಡಾಪ್ಟರ್ ಪ್ಲೇಟ್ ಕಡೆಸಿ ಓಡಿಸಿದರು. ನಿನಗೆ ಈಗ ಬುದ್ಧಿ ಹೇಳುತ್ತಿರುವವರ ಕಣ್ಣಮುಂದೆ ಇರುವುದು ಆ ಕಾಲ. ಅವರ ಅನುಭವವನ್ನು ನಾನು ಕಡೆಗಣಿಸುವುದಿಲ್ಲ.

ಆಗ ಅದು ನಡೆದದ್ದು ಯಾಕೆ ಗೊತ್ತಾ? ಹಳೇ ಡೀಸೆಲ್ ಎಂಜಿನ್ನಿಗೆ ಬೇಕಾದದ್ದು ಗಾಳಿ, ಡೀಸೆಲ್, ಸ್ಟಾರ್ಟರ್ ಇಷ್ಟೇ. ಪಂಪು ಗೇರಿನಿಂದ ತಿರುಗುತ್ತಿತ್ತು. ಎಷ್ಟು ಡೀಸೆಲ್ ಹೋಗಬೇಕು, ಯಾವಾಗ ಹೋಗಬೇಕು ಅನ್ನುವುದನ್ನು ಪಂಪಿನೊಳಗಿನ ಗವರ್ನರ್ ಮತ್ತು ಟೈಮಿಂಗ್ ನೋಡಿಕೊಳ್ಳುತ್ತಿದ್ದವು. ಚಾಲು ಆದ ಮೇಲೆ ಬ್ಯಾಟರಿ ಬಿಚ್ಚಿದರೂ ಓಡುತ್ತಿತ್ತು. ಬಾನೆಟ್ಟಿನೊಳಗೆ ಎಂಜಿನ್ನನ್ನು ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ನಿನ್ನ ಗಾಡಿ 2018ರದ್ದು, ಬಿಎಸ್ 4 ಹೊಗೆ ನಿಯಮದ್ದು. ಅದರಲ್ಲಿ ಪ್ರಶ್ನೆ ಕೇಳುವುದಕ್ಕೇ ಒಂದು ಡಬ್ಬಿ ಇಟ್ಟಿದ್ದಾರೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಲ್ಲಕ್ಕಿಂತ ಮೊದಲು ನಿನ್ನ ಬ್ಲಾಕ್ ನಿಜಕ್ಕೂ ಸತ್ತಿದೆಯಾ ನೋಡು. ಹೀಟ್ ಆದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಹೆಡ್ ಗ್ಯಾಸ್ಕೆಟ್. ಆಮೇಲೆ ಹೆಡ್ ಬಾಗುತ್ತದೆ ಅಥವಾ ವಾಲ್ವ್ ಸೀಟುಗಳ ನಡುವೆ ಬಿರುಕು ಬಿಡುತ್ತದೆ. ಬ್ಲಾಕಿನ ಸರದಿ ಅದರ ನಂತರ. ಆಯಿಲಿನಲ್ಲಿ ನೀರು ಸೇರಿದ್ದನ್ನು ನೋಡಿದ ಕೂಡಲೇ ಬ್ಲಾಕ್ ಹೋಯಿತು ಅಂತ ತೀರ್ಮಾನ ಮಾಡುವುದು ತಪ್ಪು. ಅದು ಗ್ಯಾಸ್ಕೆಟ್ಟಿನಿಂದಲೂ ಬರುತ್ತದೆ, ಆಯಿಲ್ ಕೂಲರಿನಿಂದಲೂ ಬರುತ್ತದೆ. ಬ್ಲಾಕನ್ನು ಮೈಸೂರಿನ ಒಳ್ಳೆಯ ಲೇತ್ ಅಂಗಡಿಗೆ ಒಯ್ದು ಪ್ರೆಶರ್ ಟೆಸ್ಟ್ ಮಾಡಿಸು. ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ಕೊಟ್ಟು, ಬಿಸಿನೀರಿನಲ್ಲಿ ಇಳಿಸಿ ಗುಳ್ಳೆ ಎಲ್ಲಿ ಬರುತ್ತದೆ ನೋಡುತ್ತಾರೆ. ಸಣ್ಣ ಬಿರುಕನ್ನು ಬಣ್ಣದ ಡೈ ಹಚ್ಚಿ ಕಂಡುಹಿಡಿಯುವ ವಿಧಾನವೂ ಇದೆ.

ಬಿರುಕು ನೀರಿನ ಜಾಕೆಟ್ಟಿನ ಹೊರಗೋಡೆಯಲ್ಲಿದ್ದರೆ ಸ್ಟಿಚಿಂಗ್ ಮಾಡಿಸಬಹುದು. ಬಿರುಕಿನ ಉದ್ದಕ್ಕೂ ತೂತು ಕೊರೆದು, ಒಂದರ ಮೇಲೊಂದು ಸೇರುವ ಹಾಗೆ ಪಿನ್ ಹಾಕಿ ಮುಚ್ಚುವ ಕೆಲಸ ಅದು. ಬೀಡು ಕಬ್ಬಿಣಕ್ಕೆ ಬೆಂಕಿ ತಾಗದೆ ಆಗುವ ಕೆಲಸವಾದ್ದರಿಂದ ವೆಲ್ಡಿಂಗ್‌ಗಿಂತ ಒಳ್ಳೆಯದು. ಬಿಸಿ ಮಾಡಿದ ಬೀಡು ತಣ್ಣಗಾಗುವಾಗ ಪಕ್ಕದಲ್ಲಿ ಇನ್ನೊಂದು ಬಿರುಕು ಬಿಡುವ ಭಯ ಇರುತ್ತದೆ. ಸಿಲಿಂಡರ್ ಗೀರಿಕೊಂಡಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಸ್ಲೀವ್ ಹೊಡೆಸಬಹುದು. ಆದರೆ ಬಿರುಕು ಮೇನ್ ಬೇರಿಂಗ್ ಕೂರುವ ಜಾಗದಲ್ಲಿದ್ದರೆ, ಅಥವಾ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಪಕ್ಕೆಯನ್ನೇ ತೂತು ಮಾಡಿ ಹೊರಬಂದಿದ್ದರೆ ಅದರ ಆಸೆ ಬಿಡು. ನಿನ್ನ ಸ್ವಂತ ಬ್ಲಾಕ್ ಉಳಿದರೆ ಕಂಪ್ಯೂಟರಿನ ತಲೆನೋವೂ ಇಲ್ಲ, ಆರ್‌ಟಿಓ ಓಡಾಟವೂ ಇಲ್ಲ. ಅದಕ್ಕೇ ಇದನ್ನು ಮೊದಲು ಹೇಳಿದೆ.

ಬ್ಲಾಕ್ ಹೋಗಿದೆ ಅಂತ ಖಚಿತವಾದರೂ ನೇರ ಗುಜರಿಗೆ ಹೋಗಬೇಡ. ಕಂಪನಿಯ ಕಡೆಯಿಂದಲೇ ರೀಕಂಡೀಷನ್ ಮಾಡಿದ ಎಂಜಿನ್ ಸಿಗುತ್ತದಾ ಕೇಳು. ಟಾಟಾದವರದ್ದು ಪ್ರೋಲೈಫ್ ಅಂತ ಒಂದು ವ್ಯವಸ್ಥೆ ಇದೆ. ಹಳೇ ಎಂಜಿನ್ ತೆಗೆದುಕೊಂಡು, ರಿಪೇರಿ ಮಾಡಿ ಪರೀಕ್ಷಿಸಿದ ಎಂಜಿನ್ ಕೊಡುತ್ತಾರೆ. ರೇಟು ಕೇಳಿದಾಗ ಎದೆ ಹೊಡೆದುಕೊಳ್ಳಬಹುದು. ಕೇಳಿ ಬರೆದಿಟ್ಟುಕೋ, ಆಮೇಲೆ ಹೋಲಿಸುವುದಕ್ಕೆ ಬೇಕಾಗುತ್ತದೆ.

ಇನ್ನು ಕಬ್ಬಿಣದ ಮಾತು. ನಿನಗೆ ಗುಜರಿಯವನು ಹೇಳುವುದು, 'ಎರಡೂ 497 ಎಂಜಿನ್ನೇ ಅಲ್ಲವಾ, ಕೂರುತ್ತೆ ಬಿಡು' ಅಂತ. 497 ಅಂದರೆ ನಾಲ್ಕು ಸಿಲಿಂಡರ್, 97 ಮಿಲಿಮೀಟರ್ ಬೋರ್. ಸ್ಟ್ರೋಕ್ 100 ಮಿಲಿಮೀಟರ್. ಒಟ್ಟು 2956 ಸಿಸಿ. ದೊಡ್ಡ ಲಾರಿಗಳ 697 ಅಂದರೆ ಆರು ಸಿಲಿಂಡರ್, ಅದೇ 97 ಬೋರ್, 128 ಸ್ಟ್ರೋಕ್, 5675 ಸಿಸಿ. 407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಅಂದಿನಿಂದ ಇಂದಿನವರೆಗೆ ಆ ಮನೆತನದಲ್ಲಿ ಟರ್ಬೋ ಇಲ್ಲದ ಎಂಜಿನ್ ಬಂತು, ಟರ್ಬೋ ಇರುವುದು ಬಂತು, ಕೊನೆಗೆ ಕಾಮನ್ ರೈಲ್ ಬಂತು. ಸಿಸಿ ಒಂದೇ ಇರಬಹುದು. ಬ್ಲಾಕ್ ಒಂದೇ ಅಂತ ಅರ್ಥವಲ್ಲ.

ಟರ್ಬೋ ಬಂದಾಗ ಸಿಲಿಂಡರಿನೊಳಗಿನ ಒತ್ತಡ, ಬಿಸಿ ಎರಡೂ ಏರಿದವು. ಅದನ್ನು ತಡೆಯಲು ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸುವ ಜೆಟ್‌ಗಳನ್ನು ಬ್ಲಾಕಿನಲ್ಲೇ ಕೊಟ್ಟಿರುತ್ತಾರೆ. ಟರ್ಬೋಗೆ ಆಯಿಲ್ ಹೋಗುವ ದಾರಿ, ಅಲ್ಲಿಂದ ಆಯಿಲ್ ಇಳಿದು ಬರುವ ತೂತು ಇರುತ್ತವೆ. ಹಳೇ ಬ್ಲಾಕಿನಲ್ಲಿ ಆ ಜೆಟ್ ಕೂರುವ ಜಾಗವೇ ಇಲ್ಲದಿರುವಾಗ, ಮೇಲೆ ಹೊಸ ಹೆಡ್ಡು, ಹೊಸ ಟರ್ಬೋ ಕೂರಿಸಿ ಓಡಿಸಿದರೆ ಏನಾಗುತ್ತದೆ? ಲೋಡಿನಲ್ಲಿ ಪಿಸ್ಟನ್ ಕಾದು ಬೋರಿಗೆ ಕಚ್ಚಿಕೊಳ್ಳುತ್ತದೆ. ಊರೊಳಗೆ ಖಾಲಿ ಓಡಿಸಿದಾಗ ಏನೂ ತಿಳಿಯುವುದಿಲ್ಲ. ಭತ್ತ ತುಂಬಿಕೊಂಡು ಏರು ಹತ್ತುವಾಗ ತಿಳಿಯುತ್ತದೆ.

ಆದ್ದರಿಂದ ಎರಡು ಬ್ಲಾಕನ್ನೂ ಅಕ್ಕಪಕ್ಕ ಇಟ್ಟು ತೂತಿಗೆ ತೂತು ಹೋಲಿಸಿ ನೋಡು. ಹೆಡ್ ಗ್ಯಾಸ್ಕೆಟ್ ಎರಡರ ಮೇಲೂ ಇಟ್ಟು ನೀರಿನ ತೂತು, ಆಯಿಲ್ ತೂತು ಹೊಂದುತ್ತವಾ ನೋಡು. ಹಿಂದುಗಡೆ ಫ್ಲೈವೀಲ್ ಹೌಸಿಂಗಿನ ಬೋಲ್ಟು, ಡೋವೆಲ್ ಪಿನ್ನುಗಳ ಜಾಗ ನೋಡು. ಮುಂದುಗಡೆ ಟೈಮಿಂಗ್ ಕವರ್, ವಾಟರ್ ಪಂಪ್ ಕೂರುವುದನ್ನು ನೋಡು. ಮೌಂಟಿಂಗ್, ಆಯಿಲ್ ಕೂಲರ್, ಡಿಪ್‌ಸ್ಟಿಕ್ ತೂತು ಕೂಡ ನೋಡು. ಬ್ಲಾಕಿನ ಪಕ್ಕದಲ್ಲಿ ಎರಕದಲ್ಲೇ ಬಂದಿರುವ ನಂಬರ್ ಇರುತ್ತದೆ, ಎರಡರದ್ದೂ ಬರೆದುಕೋ. ಆ ನಂಬರನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಅಮೆರಿಕದಲ್ಲಿ ಡಾಡ್ಜ್ ಪಿಕಪ್ ಲಾರಿಗಳಿಗೆ ಬರುತ್ತಿದ್ದ 5.9 ಲೀಟರ್ ಕಮ್ಮಿನ್ಸ್ ಎಂಜಿನ್ ಗಟ್ಟಿತನಕ್ಕೆ ಹೆಸರುವಾಸಿ. ಅದೇ ಸಂತತಿಯ ಎಂಜಿನ್ನುಗಳನ್ನು ಜಮ್‌ಶೆಡ್‌ಪುರದ ಟಾಟಾ ಕಮ್ಮಿನ್ಸ್ ನಮ್ಮ ಟಾಟಾ ಲಾರಿಗಳಿಗೂ ಕೊಟ್ಟಿತು. ಅಂಥ ಎಂಜಿನ್ನಿನಲ್ಲೂ 1990ರ ದಶಕದ ಕೊನೆಯ ಹೊತ್ತಿಗೆ '53' ಅನ್ನುವ ಎರಕದ ಗುರುತಿದ್ದ ಬ್ಲಾಕುಗಳು ನೀರಿನ ಜಾಕೆಟ್ಟಿನ ಹೊರಗೋಡೆಯಲ್ಲಿ ಬಿರುಕು ಬಿಟ್ಟು ಕುಖ್ಯಾತವಾದವು. ಅಲ್ಲಿ ಹಳೇ ಬ್ಲಾಕ್ ಹುಡುಕುವವರು ಆ ಗುರುತು ಇದೆಯಾ ಅಂತ ನೋಡುತ್ತಾರೆ. ಹೆಸರು ಒಂದೇ, ಎಂಜಿನ್ ಒಂದೇ, ಎರಕ ಮಾತ್ರ ಬೇರೆ. ಫಲ ಎಷ್ಟು ಬೇರೆ ಆಯಿತು ನೋಡು.

ಹೋಲಿಕೆ ಸರಿಬಂದ ಮೇಲೆ ಅಳತೆ. ಬೋರ್ ಗೇಜ್ ಇಲ್ಲದೆ ಬೆರಳು ಆಡಿಸಿ 'ಬೋರ್ ಚೆನ್ನಾಗಿದೆ' ಅನ್ನುವವರ ಮಾತು ನಂಬಬೇಡ. ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಒಂದೊಂದು ಮಟ್ಟದಲ್ಲೂ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಬೇಕು. ರಿಂಗ್ ಉಜ್ಜುವ ಮೇಲ್ಭಾಗ ಹೆಚ್ಚು ಸವೆದು ಕೆಳಗೆ ಸವೆಯದೆ ಉಳಿದಿರುತ್ತದೆ. ಪಿಸ್ಟನ್ ಪಕ್ಕಕ್ಕೆ ಒತ್ತುವುದರಿಂದ ಬೋರು ದುಂಡು ತಪ್ಪಿರುತ್ತದೆ. ಕಂಪನಿಯ ಪುಸ್ತಕದಲ್ಲಿ ಎಷ್ಟು ಸವೆತಕ್ಕೆ ಒಪ್ಪಿಗೆ ಅಂತ ಕೊಟ್ಟಿರುತ್ತಾರೆ. ಅದನ್ನು ಮೀರಿದ್ದರೆ ಬೋರ್ ಮಾಡಿಸಬೇಕು. ಹಿಂದೆ ಎಷ್ಟು ಸಲ ಬೋರ್ ಆಗಿದೆ ಅಂತ ಕೇಳು. ಕೊನೆಯ ಸೈಜಿಗೆ ಬಂದುನಿಂತ ಬ್ಲಾಕ್ ತಂದರೆ ಮುಂದೆ ಸ್ಲೀವ್ ಬಿಟ್ಟು ದಾರಿ ಇರುವುದಿಲ್ಲ.

ಹೆಡ್ ಕೂರುವ ಮುಖವನ್ನು ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಮೇನ್ ಬೇರಿಂಗ್ ಜಾಗಗಳು ಒಂದೇ ನೇರದಲ್ಲಿವೆಯಾ ನೋಡಬೇಕು. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೋ: ಮೇನ್ ಬೇರಿಂಗ್ ಕ್ಯಾಪುಗಳು ಆಯಾ ಬ್ಲಾಕಿನ ಜೊತೆಗೇ ಬೋರ್ ಆದವು. ನಿನ್ನ ಒಡೆದ ಬ್ಲಾಕಿನ ಕ್ಯಾಪ್ ಗುಜರಿ ಬ್ಲಾಕಿಗೆ ಹಾಕುವಂತಿಲ್ಲ. ಒಂದನೇ ಜಾಗದ್ದನ್ನು ಮೂರನೇ ಜಾಗಕ್ಕೆ ಹಾಕುವಂತಿಲ್ಲ, ಹಿಂದುಮುಂದು ತಿರುಗಿಸುವಂತಿಲ್ಲ. ಕ್ಯಾಪ್ ಇಲ್ಲದ ಬ್ಲಾಕ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಲೈನ್ ಬೋರಿಂಗ್ ಮಾಡಿಸದೆ ಗತಿಯಿಲ್ಲ. ಹಾಗೇ ಕಟ್ಟಿದರೆ ಕ್ರಾಂಕ್ ಬಿಗಿದು ಕೂರುತ್ತದೆ, ಬೇರಿಂಗ್ ಸುಡುತ್ತದೆ. ಜೋಡಿಸುವ ಮೊದಲು ಆಯಿಲ್ ದಾರಿಗಳ ಪ್ಲಗ್ಗು ತೆಗೆಸಿ, ಬ್ರಷ್ ಹಾಕಿ, ಗಾಳಿ ಹೊಡೆಸಿ ತೊಳೆಸು. ಗುಜರಿಯಲ್ಲಿ ಮಳೆಗೆ ನೆನೆದ ಬ್ಲಾಕಿನೊಳಗೆ ಮಣ್ಣು, ತುಕ್ಕು ಕೂತಿರುತ್ತದೆ. ಹೊರಗೆ ಪೇಂಟ್ ಹೊಡೆದು ಹೊಳೆಯುವಂತೆ ಮಾಡಿದ್ದರೂ ಒಳಗಿನದು ಒಳಗೇ ಇರುತ್ತದೆ.

ಕಬ್ಬಿಣ ಕೂತಿತು ಅಂದುಕೋ. ಈಗ ಕಂಪ್ಯೂಟರ್. ಬಿಎಸ್ 4 ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ಕ್ಕೆ. ಬಿಎಸ್ 6 ಬಂದದ್ದು 2020ರ ಏಪ್ರಿಲ್ 1ಕ್ಕೆ. ನಿನ್ನ ಕಾಮನ್ ರೈಲ್ ಗಾಡಿಯಲ್ಲಿ ಡೀಸೆಲ್ ಸಾವಿರ ಬಾರ್ ಮೀರಿದ ಒತ್ತಡದಲ್ಲಿ ರೈಲಿನಲ್ಲಿ ತುಂಬಿ ನಿಂತಿರುತ್ತದೆ. ಯಾವ ಇಂಜೆಕ್ಟರ್ ಯಾವ ಗಳಿಗೆಯಲ್ಲಿ ತೆರೆಯಬೇಕು ಅಂತ ಹೇಳುವುದು ಇಸಿಯು ಡಬ್ಬಿ. ಅದಕ್ಕೆ ಕ್ರಾಂಕ್ ಎಲ್ಲಿದೆ ಅಂತ ಗೊತ್ತಾಗುವುದು ಕ್ರಾಂಕ್ ಸೆನ್ಸರಿನಿಂದ. ಯಾವ ಸಿಲಿಂಡರ್ ಸರದಿ ಅಂತ ಗೊತ್ತಾಗುವುದು ಕ್ಯಾಮ್ ಸೆನ್ಸರಿನಿಂದ. ಸೆನ್ಸರ್ ಓದುವ ಹಲ್ಲಿನ ಚಕ್ರಕ್ಕೂ ಸೆನ್ಸರ್ ಮೂತಿಗೂ ನಡುವಿನ ಸಂದು ಒಂದು ಅಳತೆಯೊಳಗೇ ಇರಬೇಕು. ಹಳೇ ಬ್ಲಾಕಿನಲ್ಲಿ ಆ ಸೆನ್ಸರ್ ಕೂರುವ ತೂತೇ ಇರಲಿಕ್ಕಿಲ್ಲ. ಕೈಯಂದಾಜಿನಲ್ಲಿ ಕೊರೆದು ಕೂರಿಸಿದರೆ, ಒಂದೆರಡು ಡಿಗ್ರಿ ತಪ್ಪಿದರೂ ಡೀಸೆಲ್ ಹೊತ್ತಲ್ಲದ ಹೊತ್ತಿನಲ್ಲಿ ಬೀಳುತ್ತದೆ. ಆಗ ಹೊಗೆ, ನಾಕಿಂಗ್, ಹೆಚ್ಚು ಡೀಸೆಲ್ ಕುಡಿಯುವುದು ಎಲ್ಲವೂ ಶುರು.

'ಇಸಿಯು ತಲೆನೋವೇ ಬೇಡ, ಪೂರ್ತಿ ಹಳೇ ಎಂಜಿನ್, ಹಳೇ ಪಂಪು ಹಾಕಿಬಿಡೋಣ' ಅಂತ ಇನ್ನೊಬ್ಬರು ಹೇಳುತ್ತಾರೆ. ಕೇಳಲು ಸುಲಭ. ಆದರೆ ಹೊಸ ಗಾಡಿಯಲ್ಲಿ ಆಕ್ಸಿಲರೇಟರ್ ಪೆಡಲ್ಲೇ ವೈರಿನದ್ದಾಗಿರಬಹುದು. ಮೀಟರ್ ಬೋರ್ಡು, ಹೀಟ್ ಮುಳ್ಳು ಎಲ್ಲವೂ ಆ ಡಬ್ಬಿಯ ಮೂಲಕವೇ ಮಾತಾಡುತ್ತಿರಬಹುದು. ಡಬ್ಬಿ ತೆಗೆದರೆ ಹೀಟ್ ಮುಳ್ಳು ಸುಮ್ಮನಾಗುತ್ತದೆ, ಮುಂದಿನ ಸಲ ನೀರು ಸೋರಿದ್ದು ನಿನಗೆ ಗೊತ್ತೇ ಆಗುವುದಿಲ್ಲ. ಅದೂ ಅಲ್ಲದೆ ಟರ್ಬೋ ಎಂಜಿನ್ನಿನ ಶಕ್ತಿ ನೋಡಿ ಆರಿಸಿದ ಗೇರ್‌ಬಾಕ್ಸು, ಹಿಂದಿನ ಹೌಸಿಂಗಿನ ಹಲ್ಲಿನ ರೇಷಿಯೋ ಈಗ ಟರ್ಬೋ ಇಲ್ಲದ ಎಂಜಿನ್ನಿಗೆ ಬಂದು ಬೀಳುತ್ತವೆ. ಒಬ್ಬರ ನಂಬರಿನ ಕನ್ನಡಕ ಇನ್ನೊಬ್ಬರು ಹಾಕಿಕೊಂಡು ದಾರಿ ನಡೆದ ಹಾಗೆ ಅದು. ನೀನು ಓಡುವ ದಾರಿ ನಮ್ಮೂರು ಹದಿನಾರಿನಿಂದ ನಂಜನಗೂಡು, ನಂಜನಗೂಡಿನಿಂದ ಬಂಡೀಪಾಳ್ಯದ ಮಾರ್ಕೆಟ್ ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ಆದರೆ ನೀನು ಕೇರಳಕ್ಕೂ ಲೋಡ್ ಒಯ್ಯುತ್ತೀಯ. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದು, ಮರಳಿ ಏರಬೇಕು. ಬಂಡೀಪುರ ಕಾಡಿನ ಹೆದ್ದಾರಿಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಏರಿನಲ್ಲಿ ಎರಡನೇ ಗೇರಿನಲ್ಲಿ ತೆವಳುತ್ತಾ ಬಂದು ಗೇಟ್ ಹಾಕುವ ಹೊತ್ತಿಗೆ ಸಿಕ್ಕಿಕೊಂಡರೆ ಸರಕು ರಾತ್ರಿಯೆಲ್ಲ ಲಾರಿಯಲ್ಲೇ ಉಳಿಯುತ್ತದೆ. ಅಂಥ ಲೋಡಿಗೆ ಎಂಜಿನ್ನಿನ ಶಕ್ತಿ ಬೇಕೇ ಬೇಕು.

ನಿನ್ನ ಗೆಳೆಯರಲ್ಲಿ ಯಾರಾದರೂ ಬಿಎಸ್ 6 ಗಾಡಿ ಇಟ್ಟುಕೊಂಡಿದ್ದರೆ ಅವರಿಗೂ ಹೇಳು. ಅದರ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಬಹಳಷ್ಟು ಗಾಡಿಗಳಲ್ಲಿ ಯೂರಿಯಾ ದ್ರಾವಣ ಚಿಮ್ಮಿಸುವ ವ್ಯವಸ್ಥೆಯೂ ಇರುತ್ತದೆ. ಸವೆದ ಬ್ಲಾಕ್ ಆಯಿಲ್ ಸುಡಲು ಶುರು ಮಾಡಿದರೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಗಾಡಿ ತಾನಾಗಿಯೇ ಶಕ್ತಿ ಇಳಿಸಿಕೊಂಡು ತೆವಳುತ್ತದೆ. ಬಿಎಸ್ 6 ಗಾಡಿಗೆ ಹಿಂದಿನ ತಲೆಮಾರಿನ ಬ್ಲಾಕ್ ಹಾಕುವ ಯೋಚನೆಯನ್ನೇ ಮಾಡಬಾರದು.

ಮೂರನೆಯದು ಕಾಗದ. ಇದನ್ನು ನಮ್ಮ ಹುಡುಗರು ಅಸಡ್ಡೆ ಮಾಡುತ್ತಾರೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಎಂಜಿನ್ ನಂಬರ್ ಪಂಚ್ ಆಗಿರುವುದು ಬ್ಲಾಕಿನ ಮೇಲೆ. ಹೆಡ್ಡು, ಕ್ರಾಂಕು, ಪಂಪು ಎಲ್ಲವೂ ನಿನ್ನದೇ ಇದ್ದು ಬ್ಲಾಕ್ ಒಂದೇ ಬದಲಾದರೂ ಕಾನೂನಿನ ಕಣ್ಣಿಗೆ ಎಂಜಿನ್ನೇ ಬದಲಾದ ಹಾಗೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದರ ಬಗ್ಗೆಯೇ ಇದೆ. ಕಂಪನಿ ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ. ಎಂಜಿನ್ ಬದಲಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಬೇಕು. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೂಡ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಾಡು ಮಾಡುವಂತಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಒಪ್ಪಿಗೆಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಹಾಗಾದರೆ ಅರ್ಥ ಇಷ್ಟು: ನಿನ್ನದೇ ಮಾಡೆಲ್ಲಿನ, ಅದೇ ಬಿಎಸ್ 4 ಬ್ಲಾಕ್ ತಂದರೆ ಕಾಗದಕ್ಕೆ ದಾರಿ ಇದೆ. ಬಿಎಸ್ 3 ಅಥವಾ ಅದಕ್ಕೂ ಹಿಂದಿನದನ್ನು ತಂದರೆ ನೀನು ಆರ್‌ಸಿಯಲ್ಲಿ ಒಂದು ಗಾಡಿ, ರಸ್ತೆಯಲ್ಲಿ ಇನ್ನೊಂದು ಗಾಡಿ ಇಟ್ಟುಕೊಂಡ ಹಾಗೆ. ಹೊಗೆ ಪರೀಕ್ಷೆಯಲ್ಲೇ ಅದು ಕಾಣುತ್ತದೆ. ಬಿಎಸ್ 4ಕ್ಕೆ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ 2.45. ಬಿಎಸ್ 4 ಗಾಡಿಗೆ 1.62. ನಿನ್ನ ಆರ್‌ಸಿ ಬಿಎಸ್ 4 ಅನ್ನುತ್ತದೆ, ಆದ್ದರಿಂದ ಅಳೆಯುವುದು 1.62ಕ್ಕೆ. ಹಳೇ ಎಂಜಿನ್ ಎಷ್ಟೇ ಚೆನ್ನಾಗಿ ಟ್ಯೂನ್ ಆಗಿದ್ದರೂ ಅಲ್ಲಿಗೆ ಇಳಿಯುವುದು ಕಷ್ಟ. ಎಫ್‌ಸಿಗೆ ಹೋದಾಗ ಛಾಸಿ ನಂಬರಿನ ಜೊತೆ ಎಂಜಿನ್ ನಂಬರನ್ನೂ ನೋಡುತ್ತಾರೆ. ನಾಳೆ ಅಪಘಾತವಾದರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡುವುದೂ ಅದನ್ನೇ. ನಂಬರ್ ತಾಳೆಯಾಗದಿದ್ದರೆ ಕ್ಲೇಮಿಗೆ ತಕರಾರು ತೆಗೆಯಲು ಅವರಿಗೆ ಜಾಗ ಸಿಗುತ್ತದೆ. ಎದುರಿನವರಿಗೆ ಪೆಟ್ಟಾದರೆ ಪರಿಹಾರದ ಭಾರ ನಿನ್ನ ಹೊಲದ ಮೇಲೆ ಬಂದು ಕೂರಬಹುದು.

ಗುಜರಿಯಿಂದ ಬ್ಲಾಕ್ ತರುವಾಗ ಜಿಎಸ್‌ಟಿ ಬಿಲ್ ಕೇಳು. ಯಾವ ಗಾಡಿಯಿಂದ ತೆಗೆದದ್ದು, ಆ ಗಾಡಿಯ ಆರ್‌ಸಿ ನಕಲು ಅಥವಾ ಗುಜರಿಗೆ ಹಾಕಿದ ಕಾಗದ ಇದೆಯಾ ಕೇಳು. ನಂಬರ್ ಇರುವ ಜಾಗವನ್ನು ಚೆನ್ನಾಗಿ ಒರೆಸಿ ನೋಡು. ಗ್ರೈಂಡರ್ ಹೊಡೆದ ಗುರುತು, ಎಡವಟ್ಟಾಗಿ ಮರುಪಂಚ್ ಮಾಡಿದ ಅಕ್ಷರ ಕಂಡರೆ ಅಲ್ಲಿಂದ ಹೊರಟುಬಿಡು. ಅದು ಕದ್ದ ಗಾಡಿಯದ್ದಿರಬಹುದು. ನಿನ್ನ ಹಳೇ ನಂಬರನ್ನು ಹೊಸ ಬ್ಲಾಕಿಗೆ ಪಂಚ್ ಮಾಡಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಅವರ ನೆರಳಿಗೂ ಹೋಗಬೇಡ. ಆ ಕೆಲಸಕ್ಕೆ ಕೈ ಹಾಕಿದವನು ಪೊಲೀಸರ ಮುಂದೆ ಎಂಜಿನ್ ಕೆಲಸದವನಾಗಿ ನಿಲ್ಲುವುದಿಲ್ಲ, ಕಳ್ಳನಾಗಿ ನಿಲ್ಲುತ್ತಾನೆ. ಗಾಡಿ ಮೇಲೆ ಸಾಲ ಇರುವುದರಿಂದ ಫೈನಾನ್ಸಿನವರ ಒಪ್ಪಿಗೆ ಪತ್ರ ಬೇಕು. ಕೆಲಸ ಶುರು ಮಾಡುವ ಮುಂಚೆಯೇ ಆರ್‌ಟಿಓ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಏನೇನು ಬೇಕು ಅಂತ ಕೇಳಿಕೊಂಡು ಬಾ. ಕೂರಿಸಿದ ಮೇಲೆ ಹೋಗಿ ಕೈ ಮುಗಿಯುವುದಕ್ಕಿಂತ ಮೊದಲೇ ಹೋಗಿ ಕೇಳುವುದು ಮರ್ಯಾದೆ.

ದುಡ್ಡಿನ ಲೆಕ್ಕಕ್ಕೆ ಬಾ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಹಾಕು. ಒಂದರ ಮೇಲೆ ಕಂಪನಿ ಎಂಜಿನ್ ಅಥವಾ ನಿನ್ನದೇ ಬ್ಲಾಕ್ ರಿಪೇರಿ ಅಂತ ಬರೆ, ಇನ್ನೊಂದರ ಮೇಲೆ ಗುಜರಿ ಬ್ಲಾಕ್ ಅಂತ ಬರೆ. ಗುಜರಿಯ ಕೆಳಗೆ ಬ್ಲಾಕಿನ ಬೆಲೆ ಒಂದೇ ಬರೆದು ನಿಲ್ಲಿಸಬೇಡ. ಪ್ರೆಶರ್ ಟೆಸ್ಟ್, ಬೋರಿಂಗ್, ಹೋನಿಂಗ್, ಹೊಸ ಪಿಸ್ಟನ್ ರಿಂಗು, ಮೇನ್ ಮತ್ತು ಬಿಗ್ ಎಂಡ್ ಬೇರಿಂಗು, ಗ್ಯಾಸ್ಕೆಟ್ ಕಿಟ್, ಆಯಿಲ್, ಕೂಲೆಂಟ್, ಮಜೂರಿ, ಆರ್‌ಟಿಓ ಶುಲ್ಕ ಎಲ್ಲ ಬರೆ. ಗಾಡಿ ನಿಂತ ಒಂದೊಂದು ದಿನದ ಬಾಡಿಗೆ ನಷ್ಟವನ್ನೂ ಬರೆ. ಎರಡು ಸಾಲಿನ ಮೊತ್ತದ ಅಂತರ ನೀನು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ. ಅಂತರ ಸಣ್ಣದಾಗಿದ್ದರೆ ಗ್ಯಾರಂಟಿ ಇರುವ ಕಡೆಗೆ ಹೋಗು. ಮನೆಯವರನ್ನೂ ಕೂರಿಸಿಕೊಂಡು ಆ ಲೆಕ್ಕ ನೋಡು. ಸಾಲ ತೀರಿಸುವುದರಲ್ಲಿ ಅವರ ದುಡಿಮೆಯೂ ಇದೆ.

ಎಲ್ಲವೂ ಹೊಂದಿ ಕೆಲಸಕ್ಕೆ ಇಳಿದೆ ಅಂದುಕೋ. ಎಂಜಿನ್ ಎತ್ತುವುದಕ್ಕೆ ಹುಣಸೆ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಬೇಡ. ಸರಿಯಾದ ಕ್ರೇನ್ ಇರುವ ಗ್ಯಾರೇಜಿನಲ್ಲೇ ಮಾಡಿಸು. ತೂಗುತ್ತಿರುವ ಎಂಜಿನ್ನಿನ ಅಡಿಗೆ ಕೈಯಾಗಲಿ ಕಾಲಾಗಲಿ ಯಾರೂ ಹಾಕಬಾರದು, ಮುಖ್ಯವಾಗಿ ಗ್ಯಾರೇಜಿನ ಚಿಕ್ಕ ಹುಡುಗರು. ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿಸಬೇಕು. ಹೆಡ್ ಬೋಲ್ಟುಗಳನ್ನು ಪುಸ್ತಕದಲ್ಲಿ ಹೇಳಿದ ಕ್ರಮದಲ್ಲಿ, ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಸಬೇಕು. ಮೊದಲ ಸಲ ಚಾಲು ಮಾಡುವ ಮುಂಚೆ ಡೀಸೆಲ್ ನಿಲ್ಲಿಸಿ, ಸ್ಟಾರ್ಟರಿನಲ್ಲಿ ಸ್ವಲ್ಪಸ್ವಲ್ಪ ತಿರುಗಿಸಿ ಆಯಿಲ್ ಪ್ರೆಶರ್ ಬರುವುದನ್ನು ನೋಡಿಕೋ. ಒಣ ಬೇರಿಂಗಿನ ಮೇಲೆ ಚಾಲು ಆದ ಎಂಜಿನ್ ಮೊದಲ ನಿಮಿಷದಲ್ಲೇ ಅರ್ಧ ಆಯಸ್ಸು ಕಳೆದುಕೊಳ್ಳುತ್ತದೆ.

ಮೊದಲ ಕೆಲವು ವಾರ ಪೂರ್ತಿ ಲೋಡ್ ಹಾಕಬೇಡ. ಗಂಟೆಗಟ್ಟಲೆ ಐಡಲಿನಲ್ಲೂ ನಿಲ್ಲಿಸಬೇಡ, ರಿಂಗು ಬೋರಿಗೆ ಹೊಂದಿಕೊಳ್ಳುವುದಕ್ಕೆ ಹದವಾದ ಲೋಡ್ ಬೇಕು. ಹದಿನಾರಿನಿಂದ ಟಿ. ನರಸೀಪುರದ ಕಡೆ, ನಂಜನಗೂಡಿನ ಕಡೆ ಅರ್ಧ ಲೋಡಿನಲ್ಲಿ ಓಡಿಸು, ದಾರಿ ಸಮತಟ್ಟು, ತೊಂದರೆಯಾದರೆ ಊರೂ ಹತ್ತಿರ. ಘಾಟಿಗೆ ಆಮೇಲೆ ಹೋಗು. ಮೊದಲ ಆಯಿಲ್ ಬೇಗ ಬದಲಾಯಿಸು. ಹಳೇ ಆಯಿಲ್ ಬಿಳಿ ತಟ್ಟೆಯಲ್ಲಿ ಸುರಿದು ಲೋಹದ ಪುಡಿ ಇದೆಯಾ ನೋಡು. ಬ್ರೀದರಿನಲ್ಲಿ ಹೊಗೆ ಹೆಚ್ಚುತ್ತಿದೆಯಾ, ಆಯಿಲ್ ಇಳಿಯುತ್ತಿದೆಯಾ, ದಿನಾ ಬೆಳಿಗ್ಗೆ ನೋಡಿ ಬರೆದಿಡು.

ಕೊನೆಗೆ ನಿನ್ನ ಮೊದಲಿನ ಬ್ಲಾಕ್ ಯಾಕೆ ಒಡೆಯಿತು ಅನ್ನುವುದನ್ನು ಮರೆಯಬೇಡ. ಕಾರಣ ಸರಿಪಡಿಸದೆ ಬ್ಲಾಕ್ ಹಾಕಿದರೆ ಎರಡನೆಯದೂ ಅದೇ ದಾರಿ ಹಿಡಿಯುತ್ತದೆ. ರೇಡಿಯೇಟರ್ ಕಟ್ಟಿಕೊಂಡಿತ್ತಾ, ಥರ್ಮೋಸ್ಟಾಟ್ ತೆಗೆದು ಎಸೆದಿದ್ದರಾ, ಫ್ಯಾನ್ ಸರಿಯಾಗಿ ತಿರುಗುತ್ತಿತ್ತಾ, ಹೋಸ್ ಪೈಪ್ ಹಳೆಯದಾ, ಎಲ್ಲವನ್ನೂ ನೋಡಿಸು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸು. ಅದನ್ನೇ ರೇಡಿಯೇಟರಿಗೆ ಸುರಿಯುತ್ತಾ ಹೋದರೆ ಬ್ಲಾಕಿನ ನೀರಿನ ದಾರಿಯಲ್ಲಿ ಸುಣ್ಣ ಕಟ್ಟುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ. ಕಂಪನಿ ಹೇಳಿದ ಕೂಲೆಂಟನ್ನು ಹೇಳಿದ ಪ್ರಮಾಣದಲ್ಲೇ ಹಾಕು. ಹೀಟ್ ಮುಳ್ಳು ಏರಿದರೆ ಇನ್ನೆರಡು ಮೈಲಿ ಅಂತ ಎಳೆಯದೆ ಪಕ್ಕಕ್ಕೆ ನಿಲ್ಲಿಸು. ಬಾಡಿಗೆ ತಡವಾದರೆ ಬೈಸಿಕೊಳ್ಳಬಹುದು, ಒಡೆದ ಬ್ಲಾಕ್ ಕೂಡುವುದಿಲ್ಲ.

ನೀನು ಕಷ್ಟಪಟ್ಟು ಗಾಡಿ ಕೊಂಡವನು. ಆ ಗಾಡಿ ಇನ್ನೂ ಬಹಳ ವರ್ಷ ನಿನಗೆ ದುಡಿದು ಕೊಡಬೇಕು ಅನ್ನುವುದೇ ನನ್ನ ಆಸೆ. ಅದಕ್ಕೇ ಕ್ರಮ ತಪ್ಪಿಸಬೇಡ ಅನ್ನುತ್ತೇನೆ. ನಾಳೆ ನಿನ್ನ ಬ್ಲಾಕನ್ನು ಲೇತಿಗೆ ಒಯ್ದು ಪರೀಕ್ಷೆ ಮಾಡಿಸು. ಉಳಿಯುವಂತಿದ್ದರೆ ಉಳಿಸಿಕೋ. ಉಳಿಯದಿದ್ದರೆ ನಿನ್ನದೇ ಮಾಡೆಲ್ಲಿನ, ನಿನ್ನದೇ ಬಿಎಸ್ 4ರ, ಕಾಗದ ಇರುವ ಬ್ಲಾಕ್ ಮಾತ್ರ ಹುಡುಕು. ಅಷ್ಟರೊಳಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ. ಲೇತಿಗೆ ಹೋಗುವ ದಿನ ಹಿಂದಿನ ಸಂಜೆಯೇ ಫೋನ್ ಮಾಡು, ನಾನೂ ಜೊತೆಗೆ ಬರುತ್ತೇನೆ. ಅಳತೆ ಓದುವಾಗ ಇನ್ನೊಂದು ಜೊತೆ ಕಣ್ಣಿದ್ದರೆ ಒಳ್ಳೆಯದು.